ಹಾರುಬೆಕ್ಕನ್ನು ಅರಸಿ ಶಿರಸಿಯ ಕಾಡಿಗೆ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿ, ಸುಮಾರು 400 ಕಿಲೋಮೀಟರ್ ದೂರದ ಶಿರಸಿಗೆ ನಾನೂ ಗೆಳೆಯನೂ ಹೊರಟದ್ದು, ಮಲೆನಾಡಿಗರು ಹಾರುಬೆಕ್ಕು ಎನ್ನುವ ದೈತ್ಯ ಹಾರುವ ಅಳಿಲನ್ನು ಅದರ ಕಾಡಿನಲ್ಲೇ ನೋಡಬೇಕೆಂಬ ಆಸೆಯಿಂದ. ಇಳಿದುಕೊಂಡದ್ದು ಗೆಳೆಯನ ಸೋದರಮಾವನ ಮನೆಯಲ್ಲಿ. ಅಂಗಳದ ಕೆಳಗೆ ಅಡಿಕೆ ತೋಟ, ಅದರ ಮೇಲ್ಬದಿಗೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದು ತರುವ ಸೊಪ್ಪಿನ ಬೆಟ್ಟ, ಅದರಾಚೆ ಕಾಡು.

“ಕತ್ತಲಾಗುವ ಮೊದಲೇ ಮರದ ಬುಡಕ್ಕೆ ಹೋಗಿರಿ, ತಡವಾದರೆ ಅದು ಪೊಟರೆ ಬಿಟ್ಟು ಮೇಯಲು ಹೋಗಿರುತ್ತದೆ” ಎಂದು ಮಾವ ಎಚ್ಚರಿಸಿದ್ದರು. ಹಗಲೆಲ್ಲ ಪೊಟರೆಯಲ್ಲಿ ಮಲಗುವ ಈ ಪ್ರಾಣಿ ಹೊರಬೀಳುವುದು ಮುಸ್ಸಂಜೆ ಕಳೆದ ಮೇಲೆಯೇ. ಅದರ ಕಣ್ಣಿಗೆ ತೊಂದರೆಯಾಗದಿರಲೆಂದು ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು ಕಾದೆವು. ಮೊದಲು ಕಂಡದ್ದು ಹೊಳೆಯುವ ಎರಡು ಕಣ್ಣುಗಳು. ಬಳಿಕ ಕಪ್ಪು ಛಾಯೆಯ ಕಂದು ಮೈ, ಮೈಗಿಂತಲೂ ಉದ್ದವಾದ ಪೊದೆಬಾಲ. ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು ಮೂರು ಅಡಿ ಉದ್ದದ ಆ ಜೀವಿ ಕಾಂಡವನ್ನು ತಬ್ಬಿ ಸರಸರನೆ ತುದಿಗೇರಿ, ಒಂದು ಕ್ಷಣ ನಿಂತು, ಗಾಳಿಗೆ ಜಿಗಿಯಿತು. ಮುಂಗಾಲು ಹಿಂಗಾಲುಗಳ ನಡುವಿನ ಚರ್ಮ ಗಾಳಿಗೆ ಹರಡಿದ ಪಂಚೆಯಂತೆ ಅಗಲವಾಗಿ ಬಿಚ್ಚಿಕೊಂಡಿತು.

ಬಾವಲಿಯಂತೆ ರೆಕ್ಕೆ ಬಡಿಯುವ ಶಕ್ತಿ ಇದಕ್ಕಿಲ್ಲ. ಇದು ತೇಲುತ್ತದೆ, ತೇಲುತ್ತ ಎತ್ತರವನ್ನು ಕಳೆದುಕೊಳ್ಳುತ್ತದೆ. ಮಣಿಕಟ್ಟಿನಿಂದ ಹೊರಚಾಚುವ ಮೃದ್ವಸ್ಥಿಯ ಕಡ್ಡಿಯೊಂದು ಆ ಚರ್ಮದ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ. ಇನ್ನೊಂದು ಮರ ಸಮೀಪಿಸಿದಾಗ ಮೈಯನ್ನು ಮೇಲಕ್ಕೆತ್ತಿ, ವೇಗ ತಗ್ಗಿಸಿ, ನಾಲ್ಕೂ ಕಾಲುಗಳಿಂದ ಕಾಂಡಕ್ಕೆ ಅಂಟಿಕೊಳ್ಳುತ್ತದೆ. ನಾವು ಕಂಡ ಹಾರುಬೆಕ್ಕು ಇಳಿದದ್ದು ಅತ್ತಿಮರಕ್ಕೆ. ಅತ್ತಿಯ ಹಣ್ಣು ಇದಕ್ಕೆ ಬಹಳ ಪ್ರಿಯ. ಎಲೆ, ಹೂವು, ತೊಗಟೆಗಳನ್ನೂ ತಿನ್ನುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ.

ಇಷ್ಟನ್ನು ನೋಡಿದ ಮೇಲೆ ನನ್ನನ್ನು ಕಾಡಿದ್ದು ಮರಗಳ ನಡುವಿನ ಅಂತರ. ಎತ್ತರದ ಮರವಿದ್ದರೆ ಮಾತ್ರ ದೂರಕ್ಕೆ ತೇಲಲು ಸಾಧ್ಯ. ರಸ್ತೆ ಅಗಲಿಸಲು ಅಂಚಿನ ಹೆಮ್ಮರಗಳನ್ನು ಉರುಳಿಸಿದರೆ ಆಚೆಯ ಕಾಡು ಇದಕ್ಕೆ ಕೈಗೆಟುಕದಂತಾಗುತ್ತದೆ, ನೆಲಕ್ಕಿಳಿದರೆ ಇದರ ನಡಿಗೆ ತೀರ ನಿಧಾನ. ಟೊಳ್ಳಾಗಿದೆ, ಅಪಾಯಕಾರಿ ಎಂದು ನಮ್ಮ ಬೆಂಗಳೂರಿನಲ್ಲಿ ಮೊದಲು ಕಡಿಯುವಂಥ ಮುದಿಮರಗಳೇ ಇಲ್ಲಿ ಇದರ ಮನೆ. ಮರುದಿನ ಬೆಟ್ಟದಲ್ಲಿ ಸೊಪ್ಪು ಕಡಿಯಲು ಬಂದವರಿಗೆ ಮಾವ ಮೊದಲು ತೋರಿಸಿದ್ದು ಆ ಪೊಟರೆಯ ಮರವನ್ನು. ಅದರ ಒಂದು ರೆಂಬೆಯನ್ನೂ ಮುಟ್ಟಬಾರದೆಂದು ಹೇಳಿದ ಮೇಲೆಯೇ ಅವರು ಮನೆಗೆ ಮರಳಿದರು.