ಐಬಿಎಸ್ ಇದ್ದವರು ಪಿತ್ತಕೋಶ ತೆಗೆಸಿದರೆ ಹೊಟ್ಟೆ ಸರಿಹೋಗುತ್ತದೆಯೇ?

ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅಂದರೆ ಹೊಟ್ಟೆನೋವಿನ ಜೊತೆ ಭೇದಿಯೋ ಮಲಬದ್ಧತೆಯೋ ಪದೇ ಪದೇ ಕಾಡುವ ಕರುಳಿನ ತೊಂದರೆ. ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬರುವವರು ಪದೇ ಪದೇ ಕೇಳುವುದು ಇದನ್ನೇ: “ಡಾಕ್ಟ್ರೇ, ಐಬಿಎಸ್ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿದ್ದಾಯ್ತು. ಈಗ ಗಾಲ್‌ಬ್ಲಾಡರ್‌ನಲ್ಲಿ ಕಲ್ಲಿದೆ ಅಂತಿದ್ದಾರೆ. ತೆಗೆಸಿಬಿಟ್ರೆ ಎಲ್ಲಾ ಸರಿಹೋಗುತ್ತಲ್ವಾ?”

ಆತುರ ಬೇಡ ಅನ್ನುತ್ತೇನೆ. ರಿಪೋರ್ಟ್ ಪಕ್ಕಕ್ಕಿಟ್ಟು, ನೋವು ಎಲ್ಲಿ ಬರುತ್ತದೆಂದು ಕೈಯಿಟ್ಟು ತೋರಿಸಲು ಹೇಳುತ್ತೇನೆ. ಕಲ್ಲಿನ ನೋವಿದ್ದವರು ಬಲಪಕ್ಕೆಲುಬಿನ ಕೆಳಗೋ ಹೊಟ್ಟೆಯ ಮೇಲ್ಭಾಗದ ನಡುವೆಯೋ ಒತ್ತಿ ಹಿಡಿಯುತ್ತಾರೆ. ಆ ನೋವು ಅರ್ಧ ಗಂಟೆಗೂ ಹೆಚ್ಚು, ಕೆಲವೊಮ್ಮೆ ಗಂಟೆಗಟ್ಟಲೆ ಒಂದೇ ಸಮ ಹಿಂಡುತ್ತದೆ. ಬೆನ್ನಿಗೋ ಬಲಭುಜಕ್ಕೋ ಹರಿಯುತ್ತದೆ. ಮೋಷನ್ ಆದರೂ ಬಿಡುವುದಿಲ್ಲ. ಐಬಿಎಸ್ ಇದ್ದವರ ಅಂಗೈ ಸಾಮಾನ್ಯವಾಗಿ ಹೊಟ್ಟೆಯ ಮೇಲೆಲ್ಲ ಸುತ್ತುತ್ತದೆ, ಮಾತು ಮೋಷನ್ನಿನ ಕಡೆಗೇ ತಿರುಗುತ್ತದೆ. ಮೊದಲನೆಯವರಿಗೆ ಆಪರೇಷನ್ ಬೇಕು. ಜ್ವರವೋ ಕಾಮಾಲೆಯೋ ಜೊತೆಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡನೆಯವರ ಕಲ್ಲು ಬಹುತೇಕ ತನ್ನಷ್ಟಕ್ಕೆ ಕೂತಿರುವ ಕಲ್ಲು. ಹೆಚ್ಚಿನವರಲ್ಲಿ ಅದು ಜೀವಮಾನವಿಡೀ ತೊಂದರೆ ಕೊಡುವುದಿಲ್ಲ.

ಈ ಗೊಂದಲ ನಮ್ಮಲ್ಲಷ್ಟೇ ಅಲ್ಲ. 2004ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ದೊಡ್ಡ ಅಧ್ಯಯನವೊಂದರಲ್ಲಿ ಐಬಿಎಸ್ ಇದ್ದವರ ಪೈಕಿ ನೂರಕ್ಕೆ ಸುಮಾರು 12 ಮಂದಿ ಪಿತ್ತಕೋಶ ತೆಗೆಸಿಕೊಂಡಿದ್ದರು. ಇಲ್ಲದವರಲ್ಲಿ ಸುಮಾರು 4. ಕರುಳಿನ ನೋವನ್ನು ಕಲ್ಲಿನ ತಲೆಗೆ ಕಟ್ಟಿದ್ದೂ ಇದಕ್ಕೊಂದು ಕಾರಣವೆಂದೇ ನನ್ನ ನಂಬಿಕೆ.

“ಎಣ್ಣೆ ಪದಾರ್ಥ ತಿಂದರೇ ನೋವು ಬರೋದು, ಹಾಗಾದ್ರೆ ಪಿತ್ತಕೋಶದ್ದೇ ಅಲ್ವಾ?” ಅಂತಲೂ ಕೇಳುತ್ತಾರೆ. ಕೊಬ್ಬು ಸಣ್ಣಕರುಳಿಗೆ ಇಳಿದಾಗ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಟು ಪಿತ್ತಕೋಶವನ್ನು ಹಿಂಡುತ್ತದೆ. ದೊಡ್ಡಕರುಳಿನ ಚಲನೆಯನ್ನೂ ಅದು ಕೆಣಕಬಲ್ಲದು. ಹಾಗಾಗಿ ಬೋಂಡಾ ತಿಂದ ಮೇಲೆ ಬಂದ ನೋವು ಯಾವುದಕ್ಕೂ ಸಾಕ್ಷಿಯಲ್ಲ. ಐಬಿಎಸ್‌ನಲ್ಲಿ ಪಿತ್ತಕೋಶ ಸರಿಯಾಗಿ ಕುಗ್ಗುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ.

ಕಲ್ಲೇ ಇಲ್ಲದಿದ್ದರೂ “ಪಿತ್ತಕೋಶ ಕೆಲಸ ಮಾಡ್ತಿಲ್ಲ” ಎಂದು ಹೈಡಾ ಸ್ಕ್ಯಾನ್ (ಪಿತ್ತಕೋಶ ಎಷ್ಟು ಕುಗ್ಗುತ್ತದೆಂದು ಅಳೆಯುವ ಪರೀಕ್ಷೆ) ನೋಡಿ ಹೇಳಿಸಿಕೊಂಡವರು ಒಂದು ವಿಷಯ ವಿಚಾರಿಸಲೇಬೇಕು. ಕುಗ್ಗುವ ಪ್ರಮಾಣ ಸುಮಾರು 38 ಶೇಕಡಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತಾರೆ. ಆದರೆ ಹೊಟ್ಟೆನೋವಿಗೆ ಕೊಡುವ ಡೈಸೈಕ್ಲೋಮಿನ್‌ನಂಥ ಮಾತ್ರೆಗಳೇ ಪಿತ್ತಕೋಶವನ್ನು ಸಡಿಲಿಸಿ ಆ ಅಂಕಿಯನ್ನು ಇಳಿಸಬಲ್ಲವು. ಸ್ಕ್ಯಾನಿಗೆ ಮೊದಲು ಯಾವ ಮಾತ್ರೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ.

ಈಗಾಗಲೇ ತೆಗೆಸಿಕೊಂಡು, ಭೇದಿ ಇನ್ನೂ ಹೆಚ್ಚಾದವರಿದ್ದಾರೆ. ಅವರ ಸಂಕಟ ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಪಿತ್ತರಸ ಕೂಡಿಡುವ ಚೀಲ ಇಲ್ಲದ ಮೇಲೆ ಅದು ಕರುಳಿಗೆ ಸದಾ ಹರಿಯುತ್ತಿರುತ್ತದೆ. ಪಿತ್ತರಸದಲ್ಲಿರುವ ಆಮ್ಲ, ಅಂದರೆ ಪಿತ್ತಾಮ್ಲ, ಹೀರಿಕೆಯಾಗದೆ ಉಳಿದರೆ ದೊಡ್ಡಕರುಳಿಗೆ ಹೋಗಿ ನೀರು ಬಿಡಿಸುತ್ತದೆ. ಪಿತ್ತಕೋಶ ಇರುವ, ಭೇದಿ ಮುಖ್ಯವಾದ ಐಬಿಎಸ್‌ನವರಲ್ಲೂ ಸುಮಾರು ಕಾಲು ಭಾಗ ಜನರಿಗೆ ಪಿತ್ತಾಮ್ಲದ ಈ ತೊಂದರೆ ಇರುತ್ತದೆ. ಇದಕ್ಕೆ ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟಿರಮಿನ್ ಪುಡಿಯಿದೆ, ನಿಮ್ಮ ವೈದ್ಯರನ್ನು ಕೇಳಿ. ಅದು ಬೇರೆ ಔಷಧಿಗಳನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಥೈರಾಯ್ಡ್, ಬಿಪಿ ಮಾತ್ರೆಗಳನ್ನು ಅದಕ್ಕಿಂತ ಕನಿಷ್ಠ ಒಂದು ಗಂಟೆ ಮುಂಚೆ ಇಲ್ಲವೇ ನಾಲ್ಕರಿಂದ ಆರು ಗಂಟೆ ನಂತರ ತೆಗೆದುಕೊಳ್ಳಬೇಕು.