ನಮ್ಮ ಅಂಬಾಸಡರ್‌ಗೆ ಹೆಡ್ಡರ್: ಪೈಪಿನ ಸೈಜು ಹೇಗೆ ಗೊತ್ತು ಮಾಡಿದೆ

ಹಳೇ ಗಾಡಿಗೆ ಹೆಡ್ಡರ್ (ಎಂಜಿನ್ನಿನ ಒಂದೊಂದು ಹೊಗೆಬಾಯಿಯಿಂದ ಬೇರೆ ಬೇರೆ ಪೈಪ್ ತಂದು ಕೆಳಗೆ ಕೂಡಿಸುವ ಜೋಡಣೆ) ಕಟ್ಟಿಸಬೇಕು, ಎಷ್ಟು ಇಂಚಿನ ಪೈಪ್ ಹಾಕಿಸಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನೀವು ಗಾಡಿ ಓಡಿಸುವುದು ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ? ಬಹಳ ಜನ ಇಲ್ಲೇ ತಡವರಿಸುತ್ತಾರೆ. ಎಂಜಿನ್‌ಗೆ ಏನೇನು ಹಾಕಿಸಿದ್ದೇವೆ ಎಂಬುದು ಬಾಯಿಪಾಠ ಇರುತ್ತದೆ, ಅದು ದಿನಾ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಪೈಪಿನ ಸೈಜು ಹೇಳುವುದು ಆ ಸುತ್ತೇ. ಹಾರ್ಸ್‌ಪವರ್ ಲೆಕ್ಕ ಆಮೇಲಿನದು.

ನಮ್ಮದು 1974ರ ಅಂಬಾಸಡರ್ ಮಾರ್ಕ್ 2. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ದಲಾಲಿ ಮಾಡುತ್ತಿದ್ದ ಅಪ್ಪ ತಗೊಂಡ ಗಾಡಿ. ಒಳಗಿರುವುದು ಬಿಎಂಸಿಯ ಬಿ-ಸಿರೀಸ್ ಎಂಜಿನ್, 1489 ಸಿಸಿ. 1955ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದೇ ಎಂಜಿನ್ ಇತ್ತು. ಅಲ್ಲಿ ಮೊದಲು 68, ಆಮೇಲೆ 72 ಹಾರ್ಸ್‌ಪವರ್ ಕೊಡುತ್ತಿತ್ತು. ನಮ್ಮ ಅಂಬಾಸಡರ್‌ನಲ್ಲಿ 50ರ ಆಸುಪಾಸು. ಬ್ಲಾಕ್ ಅದೇ, ಬೋರು (ಸಿಲಿಂಡರಿನ ಒಳವ್ಯಾಸ), ಸ್ಟ್ರೋಕು (ಪಿಸ್ಟನ್ ಓಡುವ ಉದ್ದ) ಅದೇ. ವ್ಯತ್ಯಾಸವೆಲ್ಲ ಹೆಡ್ಡು (ಸಿಲಿಂಡರುಗಳ ಮೇಲಿನ ಮುಚ್ಚಳ), ಕ್ಯಾಮು (ವಾಲ್ವುಗಳನ್ನು ತೆರೆಯುವ ದಂಡ), ಕಾರ್ಬರೇಟರ್, ಹೊಗೆಯ ದಾರಿಯಲ್ಲಿ. ಇದು ತಿಳಿದ ದಿನದಿಂದ ಈ ಎಂಜಿನ್ ಮೇಲೆ ನನಗೆ ಅಕ್ಕರೆ ಇನ್ನೂ ಹೆಚ್ಚಿತು.

ಎಂಜಿನ್ ಇಳಿಸಿದಾಗ 60 ಓವರ್‌ಸೈಜ್ ಬೋರ್ ಮಾಡಿಸಿದೆ, ಅಂದರೆ ಇಂಚಿನ ಸಾವಿರದಲ್ಲಿ 60 ಪಾಲು ಅಗಲ. 73 ಮಿ.ಮೀ. ಇದ್ದ ಬೋರು 74.5 ದಾಟಿತು. 88.9 ಮಿ.ಮೀ. ಸ್ಟ್ರೋಕಿಗೆ ಲೆಕ್ಕ ಹಾಕಿದರೆ ಒಂದು ಸಿಲಿಂಡರಿಗೆ 388 ಸಿಸಿ, ನಾಲ್ಕೂ ಸೇರಿ 1552. ಹೆಡ್ಡಿನ ಪೋರ್ಟುಗಳನ್ನು (ಗಾಳಿ, ಹೊಗೆ ಹಾಯುವ ದಾರಿಗಳನ್ನು) ಉಜ್ಜಿ ನುಣುಪು ಮಾಡಿಸಿ, ಎಂಜಿಎ ಅಳತೆಯ ಕ್ಯಾಮ್ ಕೂರಿಸಿ, ಜೋಡಿ ಎಸ್‌ಯು ಕಾರ್ಬರೇಟರ್ ಏರಿಸಿದ ಮೇಲೆ ಉಳಿದದ್ದು ಹಳೇ ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡು. ಅದನ್ನು ತೆಗೆದು ಹೆಡ್ಡರ್ ಹಾಕುವುದೆಂದು ತೀರ್ಮಾನವಾಯಿತು. ಮಾತು ನಿಂತದ್ದು ಸೈಜಿನ ಮೇಲೆ.

ಪೈಪ್ ಬಗ್ಗಿಸುವ ನಮ್ಮ ಚಾಚಾ ಪಿ.ಬಿ. ರಸ್ತೆಯ ಹಿಂದಿನ ಓಣಿಯಲ್ಲಿ ಶೆಡ್ ಇಟ್ಟುಕೊಂಡಿದ್ದಾರೆ. ಅವರ ಹತ್ತಿರ ಕೆಲಸ ಮಾಡುವ ಹುಡುಗ ನೇರವಾಗಿ ಕೇಳಿದ: "ಅಲ್ಲಣ್ಣ, ದೊಡ್ಡ ಪೈಪ್ ಹಾಕಿದ್ರೆ ಹೊಗೆ ಸಲೀಸಾಗಿ ಹೊರಗೆ ಹೋಗ್ತೈತಲ್ಲ? ಎರಡಿಂಚೇ ಹಾಕ್ಸಿಬಿಡು." ಕೇಳುವುದಕ್ಕೆ ಸರಿಯಾಗೇ ಇದೆ. ಉತ್ತರವೂ ನಮ್ಮೂರಲ್ಲೇ ಇದೆ. ಮಂಡಕ್ಕಿ ಭಟ್ಟಿಯ ಚಿಮಣಿಯನ್ನು ಬೇಕಾದ್ದಕ್ಕಿಂತ ಅಗಲ ಕಟ್ಟಿದರೆ ಹೊಗೆ ಒಳಗೇ ತಣ್ಣಗಾಗಿ, ನಿಧಾನವಾಗಿ, ಬೆಂಕಿಯ ಎಳೆತ ಹೋಗಿಬಿಡುತ್ತದೆ. ಹೊಗೆ ಬಿಸಿಯಾಗಿ, ವೇಗವಾಗಿ ಹೋದರೆ ಮಾತ್ರ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ.

ಎಂಜಿನ್ ಒಳಗೆ ನಡೆಯುವುದು ಸ್ವಲ್ಪ ಹೆಚ್ಚು ಸೂಕ್ಷ್ಮ. ನನ್ನ ಕ್ಯಾಮಿನಲ್ಲಿ ಎಕ್ಸಾಸ್ಟ್ ವಾಲ್ವು ಪಿಸ್ಟನ್ ಕೆಳಗೆ ಮುಟ್ಟುವುದಕ್ಕೆ 51 ಡಿಗ್ರಿ ಮೊದಲೇ ತೆರೆಯುತ್ತದೆ, ಮೇಲೆ ಮುಟ್ಟಿ 21 ಡಿಗ್ರಿ ದಾಟಿದ ಮೇಲೆ ಮುಚ್ಚುತ್ತದೆ. ಇನ್‌ಲೆಟ್ ವಾಲ್ವು ಮೇಲೆ ಮುಟ್ಟುವುದಕ್ಕೆ 16 ಡಿಗ್ರಿ ಮೊದಲೇ ಬಾಯಿ ತೆರೆದಿರುತ್ತದೆ. ಅಂದರೆ 37 ಡಿಗ್ರಿ ಹೊತ್ತು ಎರಡೂ ಬಾಗಿಲು ತೆರೆದೇ ಇರುತ್ತವೆ. ಹೆಡ್ಡರ್‌ನಿಂದ ಬರುವ ಲಾಭವೆಲ್ಲ ಈ 37 ಡಿಗ್ರಿಯಲ್ಲಿದೆ. ವಾಲ್ವು ತೆರೆದ ಕೂಡಲೇ ಒತ್ತಡದ ಅಲೆಯೊಂದು ಪೈಪಿನಲ್ಲಿ ನುಗ್ಗಿ, ಪೈಪುಗಳು ಕೂಡುವ ಜಾಗ ಮುಟ್ಟಿ, ಅಲ್ಲಿಂದ ಎಳೆತದ ಅಲೆಯಾಗಿ ವಾಪಸ್ ಬರುತ್ತದೆ. ಅದು ಎರಡೂ ವಾಲ್ವು ತೆರೆದಿರುವಾಗ ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಸೆಳೆದು, ಹೊಸ ಮಿಶ್ರಣವನ್ನೂ ಒಳಗೆ ಎಳೆಯುತ್ತದೆ. ಯಾವಾಗ ಬರಬೇಕು ಎಂಬುದನ್ನು ಪೈಪಿನ ಉದ್ದ ತೀರ್ಮಾನಿಸುತ್ತದೆ. ಹೊಗೆಯ ಓಟಕ್ಕೆ ಎಷ್ಟು ಕಸುವು ಎಂಬುದನ್ನು ದಪ್ಪ ತೀರ್ಮಾನಿಸುತ್ತದೆ. ಪೈಪ್ ತೀರಾ ಸಣ್ಣದಾದರೆ ಹೆಚ್ಚು ಸುತ್ತಿನಲ್ಲಿ ಪಿಸ್ಟನ್ ಹೊಗೆಯನ್ನು ತಳ್ಳಿ ತಳ್ಳಿ ಸುಸ್ತಾಗುತ್ತದೆ. ತೀರಾ ದೊಡ್ಡದಾದರೆ ಕಡಿಮೆ ಸುತ್ತಿನಲ್ಲಿ ಹೊಗೆಗೆ ಓಟವೇ ಇರದೆ, ಬಾಗಿಲು ತೆರೆದ ಕಡೆಗೇ ಹಿಮ್ಮೆಟ್ಟುತ್ತದೆ, ಪಿಕಪ್ ಸತ್ತುಹೋಗುತ್ತದೆ.

ಟ್ಯೂನಿಂಗ್ ಮಾಡುವವರಲ್ಲಿ ಹಳೇ ಸೂತ್ರವೊಂದಿದೆ. ಗಾಡಿಗೆ ಅತಿ ಹೆಚ್ಚು ಎಳೆತ ಬೇಕಾದ ಆರ್‌ಪಿಎಂ ತಗೊಳ್ಳಿ, ಅದನ್ನು ಒಂದು ಸಿಲಿಂಡರಿನ ಗಾತ್ರದಿಂದ (ಘನ ಇಂಚಿನ ಲೆಕ್ಕದಲ್ಲಿ) ಗುಣಿಸಿ, 88,200ರಿಂದ ಭಾಗಿಸಿ. ಬರುವುದು ಪೈಪಿನ ಒಳಬಾಯಿಯ ವಿಸ್ತೀರ್ಣ, ಚದರ ಇಂಚಿನಲ್ಲಿ. ಆ ಸಂಖ್ಯೆಯನ್ನು ಬಿಡಿಸಿ ನೋಡಿದರೆ ಅದರೊಳಗಿರುವುದು ಸರಳ ವಿಚಾರ: ಒಂದು ಸ್ಟ್ರೋಕಿನ ಹೊತ್ತಿನಲ್ಲಿ ಸಿಲಿಂಡರಿನಷ್ಟು ಗಾಳಿ ಸರಾಸರಿ ಸೆಕೆಂಡಿಗೆ 75 ಮೀಟರ್ ವೇಗದಲ್ಲಿ ಪೈಪ್ ದಾಟಬೇಕು. ಮೆಟ್ರಿಕ್‌ನಲ್ಲೇ ಮಾಡುವವರಿಗೆ ಇದೇ ಸುಲಭ. 4500 ಆರ್‌ಪಿಎಂನಲ್ಲಿ ಒಂದು ಸ್ಟ್ರೋಕಿಗೆ 30 ಭಾಗಿಸು 4500, ಅಂದರೆ ಸೆಕೆಂಡಿನ 150ನೇ ಒಂದು ಪಾಲು. 388 ಸಿಸಿ ಅಷ್ಟರಲ್ಲಿ 75 ಮೀಟರ್ ವೇಗದಲ್ಲಿ ಹೋಗಬೇಕಾದರೆ 7.76 ಚದರ ಸೆಂ.ಮೀ. ಬೇಕು. ಒಳವ್ಯಾಸ 31.4 ಮಿ.ಮೀ. ಇದೇ 4000ಕ್ಕಾದರೆ 29.6, 5500ಕ್ಕಾದರೆ 34.7.

ಈಗ ಮೊದಲಿನ ಪ್ರಶ್ನೆಗೆ ಬರಬೇಕು. ಹೆದ್ದಾರಿಯಲ್ಲಿ 80ರ ವೇಗಕ್ಕೆ ನನ್ನ ಗಾಡಿ 3000 ಚಿಲ್ಲರೆ ಸುತ್ತು ತಿರುಗುತ್ತದೆ. ಓವರ್‌ಟೇಕ್ ಮಾಡುವಾಗ, ಮೂರನೇ ಗೇರಿನಲ್ಲಿ ಎಳೆಸುವಾಗ 4000 ದಾಟುತ್ತದೆ. 5500 ಮುಟ್ಟಿಸುವ ಸಂದರ್ಭ ನನಗಿಲ್ಲ. ಉದ್ದ ಸ್ಟ್ರೋಕಿನ, ಮೂರೇ ಮೇನ್ ಬೇರಿಂಗಿನ ಎಂಜಿನನ್ನು ಅಲ್ಲಿಗೆ ಒಯ್ಯುವ ಆಸೆಯೂ ಇಲ್ಲ. ಹಾಗಾಗಿ 4500ನ್ನು ಗಡಿ ಇಟ್ಟುಕೊಂಡೆ.

ಅಂಗಡಿಯಲ್ಲಿ ಪೈಪ್ ಕೊಳ್ಳುವಾಗ ಇನ್ನೊಂದು ತಕರಾರು ಎದುರಾಗುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಇಆರ್‌ಡಬ್ಲ್ಯೂ (ಉದ್ದಕ್ಕೂ ಬೆಸೆದ ಉಕ್ಕಿನ) ಪೈಪಿನ ಇಂಚು ಹೊರಗಿನ ಅಳತೆ. ನೀರಿನ ಜಿಐ (ಸತು ಹಚ್ಚಿದ) ಪೈಪಿನ ಇಂಚು ಹೆಸರಿಗೆ ಮಾತ್ರ ಒಳಗಿನ ಅಳತೆ. ಒಂದೂಕಾಲು ಇಂಚು ಎಂದು ಕೇಳಿದರೆ ಒಂದು ಅಂಗಡಿಯಲ್ಲಿ ಹೊರಗೆ 31.75 ಮಿ.ಮೀ. ಇರುವ ಪೈಪ್ ಕೊಡುತ್ತಾರೆ, ಇನ್ನೊಂದರಲ್ಲಿ ಹೊರಗೆ 42.4 ಮಿ.ಮೀ. ಇರುವುದನ್ನು ಕೊಡುತ್ತಾರೆ. ಎರಡರ ಒಳಬಾಯಿಗೂ ಅಜಗಜಾಂತರ. ಹಾಗಾಗಿ ವರ್ನಿಯರ್ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಜಿಐ ಅಂತೂ ಬೇಡವೇ ಬೇಡ. ವೆಲ್ಡಿಂಗ್ ಮಾಡುವಾಗ ಅದರ ಸತುವಿನ ಹೊಗೆ ಮಾಡುವವರ ಎದೆ ಸೇರುತ್ತದೆ.

ನಾನು ತೆಗೆದುಕೊಂಡದ್ದು 16 ಗೇಜಿನ ಇಆರ್‌ಡಬ್ಲ್ಯೂ. ಗೋಡೆಯ ದಪ್ಪ 1.6 ಮಿ.ಮೀ. ಚಿಲ್ಲರೆ, ಎರಡೂ ಕಡೆ ಸೇರಿ ಮೂರೂಕಾಲು ಮಿ.ಮೀ. ಕಳೆಯಬೇಕು. 1¼ ಇಂಚಿನದರಲ್ಲಿ ಒಳಗೆ 28.5 ಉಳಿಯುತ್ತದೆ, 1⅜ರಲ್ಲಿ 31.7, 1½ರಲ್ಲಿ 34.9. ಮೇಲಿನ ಲೆಕ್ಕಕ್ಕೆ ಹಿಡಿದರೆ ಮೊದಲನೆಯದು 3700 ಆರ್‌ಪಿಎಂಗೆ ಹೊಂದುತ್ತದೆ, ಎರಡನೆಯದು 4600ಕ್ಕೆ, ಮೂರನೆಯದು 5500ಕ್ಕೆ. ಎರಡು ಸೂತು (ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಪಾಲು) ಆಚೀಚೆ ಆದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ. ಚಾಚಾ ನನ್ನ ಚೀಟಿ ನೋಡಿ, "ಒಂದಿಂಚು ಮೂರು ಸೂತು ಅನ್ನು, ಮುಗೀತಲ್ಲ ತಮ್ಮಾ" ಎಂದರು. ಮುಗಿದಿರಲಿಲ್ಲ, ಯಾಕೆಂದರೆ ಬಿ-ಸಿರೀಸ್ ಹೆಡ್ಡಿನಲ್ಲಿ ಎಕ್ಸಾಸ್ಟ್ ಬಾಯಿ ಇರುವುದು ಮೂರೇ.

ಒಂದನೇ ಸಿಲಿಂಡರಿಗೆ ಒಂದು, ನಾಲ್ಕನೆಯದಕ್ಕೆ ಒಂದು, ನಡುವಿನ ಎರಡಕ್ಕೂ ಸೇರಿ ಒಂದೇ ಬಾಯಿ. ನಡುವಿನ ಪೈಪಿಗೆ ಎರಡು ಸಿಲಿಂಡರಿನ ಹೊಗೆ ಬರುತ್ತದೆ, ಹಾಗಾದರೆ ಎರಡು ಪಾಲು ವಿಸ್ತೀರ್ಣ ಬೇಕೇ? ಬೇಡ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಹೊಡೆಯುವ ಸರದಿ, 1-3-4-2. ಮೂರು ಹೊಡೆದು ಸರಿಯಾಗಿ ಒಂದು ಸುತ್ತು, ಅಂದರೆ 360 ಡಿಗ್ರಿ ಆದ ಮೇಲೆ ಎರಡು ಹೊಡೆಯುತ್ತದೆ. ವಾಲ್ವು ತೆರೆದಿರುವುದು 252 ಡಿಗ್ರಿ ಮಾತ್ರ. ಒಬ್ಬರು ಹೊರಗೆ ಹೋಗಿ ಬಾಗಿಲು ಮುಚ್ಚಿದ ಮೇಲೇ ಇನ್ನೊಬ್ಬರು ಬರುತ್ತಾರೆ, ನುಗ್ಗಾಟ ಇಲ್ಲ. ಆ ಬಾಯಿ ಪಕ್ಕದವಕ್ಕಿಂತ ಅಗಲ ಇರುವುದರಿಂದ ಒಂದೇ ಮೆಟ್ಟಿಲು ಏರಿಸಿ 1½ ಹಾಕಿಸಿದೆ. ಒಂದು ಮತ್ತು ನಾಲ್ಕರ ನಡುವೆಯೂ ಅದೇ 360 ಡಿಗ್ರಿ ಅಂತರ. ಅವೆರಡನ್ನೂ 1⅜ರಲ್ಲಿ ತಂದು, ಮೊದಲು ತಮ್ಮಲ್ಲೇ ಕೂಡಿಸಿ, 1½ ಮಾಡಿ, ಕೆಳಗೆ ನಡುವಿನ ಉದ್ದ ಪೈಪಿನ ಜೊತೆ ಸೇರಿಸಿದೆ. ಅಲ್ಲಿಂದ ಹಿಂದಕ್ಕೆ 1¾. ಹೆಡ್ಡಿನಿಂದ ಈ ಕೊನೆಯ ಕೂಡಿನ ತನಕ 40 ಇಂಚಿನಷ್ಟು ಉದ್ದ ಸಿಕ್ಕಿತು. 4500 ಆರ್‌ಪಿಎಂಗೆ, ಈ ಕ್ಯಾಮಿಗೆ ಉದ್ದದ ಸೂತ್ರ ಕೊಡುವುದೂ ಅಷ್ಟನ್ನೇ.

ಬಗ್ಗಿಸುವ ಕೆಲಸ ನೋಡಲು ನಾನು ಅಲ್ಲೇ ಕೂತಿದ್ದೆ. ಸಾದಾ ಬೆಂಡಿಂಗ್ ಮಿಷನ್ನಿನಲ್ಲಿ ಪೈಪ್ ಒತ್ತಿದರೆ ಬಾಗಿದ ಕಡೆ ಚಪ್ಪಟೆಯಾಗುತ್ತದೆ, ಲೆಕ್ಕ ಹಾಕಿ ತಂದ 31.7 ಅಲ್ಲೇ ಮಣ್ಣುಪಾಲು. ಚಾಚಾ ಹಳೇ ವಿದ್ಯೆಯವರು. ಮರಳನ್ನು ತಗಡಿನ ಮೇಲೆ ಹುರಿದು, ತೇವ ಪೂರ್ತಿ ಹೋಗಿದೆಯೇ ಎಂದು ಕೈಯಲ್ಲಿ ಉದುರಿಸಿ ನೋಡಿದರು. ತೇವ ಉಳಿದರೆ ಕಾಯಿಸಿದಾಗ ಆವಿಯಾಗಿ, ಪೈಪಿನ ಬಾಯಿಗೆ ಹೊಡೆದ ಬೆಣೆ ಗುಂಡಿನ ಹಾಗೆ ಹಾರುತ್ತದೆ. ಆಮೇಲೆ ಪೈಪಿಗೆ ಮರಳು ತುಂಬಿ, ಪಕ್ಕದಲ್ಲಿ ಸುತ್ತಿಗೆಯಿಂದ ತಟ್ಟಿ ತಟ್ಟಿ ಇಳಿಸಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅವಸರವಿಲ್ಲದೆ ಬಗ್ಗಿಸಿದರು. ತಣ್ಣಗಾದ ಮೇಲೆ ಮರಳು ಸುರಿದು, ಬೇರಿಂಗಿನ ಉಕ್ಕಿನ ಗುಂಡೊಂದನ್ನು ಒಳಗೆ ಬಿಟ್ಟರು. ಎಲ್ಲೂ ನಿಲ್ಲದೆ ಇನ್ನೊಂದು ತುದಿಯಿಂದ ಗುಂಡು ಉರುಳಿಬಂದರೆ ಮಾತ್ರ ಆ ಬೆಂಡ್ ಪಾಸು. ಇಂಥ ಕೈಗಳು ಊರಲ್ಲಿ ಇನ್ನೂ ಇವೆ ಎಂಬುದು ನಮ್ಮಂಥ ಹಳೇ ಗಾಡಿಯವರ ಭಾಗ್ಯ.

ಫ್ಲ್ಯಾಂಜಿನ, ಅಂದರೆ ಪೈಪನ್ನು ಹೆಡ್ಡಿಗೆ ಬಿಗಿಯುವ ಪಟ್ಟಿಯ ವಿಷಯದಲ್ಲಿ ಒಂದು ಎಚ್ಚರ. ಈ ಹೆಡ್ಡಿನಲ್ಲಿ ಇನ್‌ಲೆಟ್ಟೂ ಎಕ್ಸಾಸ್ಟೂ ಒಂದೇ ಪಕ್ಕದಲ್ಲಿವೆ. ಒಂದೇ ಸ್ಟಡ್ಡಿನ ದಪ್ಪ ವಾಷರ್ ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ ಕೂತು ಎರಡನ್ನೂ ಒತ್ತಿ ಹಿಡಿಯುತ್ತದೆ. ಹೆಡ್ಡರ್ ಫ್ಲ್ಯಾಂಜು ಒಂದು ಕೂದಲು ತೆಳುವಾದರೂ ವಾಷರ್ ಓರೆಯಾಗಿ ಒಂದು ಕಡೆ ಲೀಕಾಗುತ್ತದೆ. ಅದಕ್ಕೇ ಫ್ಲ್ಯಾಂಜುಗಳನ್ನು ಇನ್‌ಲೆಟ್‌ನ ದಪ್ಪಕ್ಕೆ ಸರಿಯಾಗಿ ಲೇತಿನಲ್ಲಿ ಹೊಡೆಸಿದೆ. ಆ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಫ್ಯಾಕ್ಟರಿಯದು, ಇವತ್ತಿಗೂ ನಂಬಿ ಕೆಲಸ ಕೊಡಬಹುದು. ಬೆಸುಗೆ ಹಾಕುವಾಗ ಗುಜರಿಯಿಂದ ತಂದ ಹಾಳು ಹೆಡ್ಡಿಗೆ ಮೂರನ್ನೂ ಬಿಗಿದೇ ಹಾಕಿಸಿದೆ, ಇಲ್ಲದಿದ್ದರೆ ಶಾಖಕ್ಕೆ ತಿರುಚಿಕೊಳ್ಳುತ್ತವೆ. ಪೈಪಿನ ಅಂಚು ಪೋರ್ಟಿನ ದಾರಿಗೆ ಅಡ್ಡ ಚಾಚಬಾರದು. ಪೋರ್ಟಿಗಿಂತ ಪೈಪ್ ಒಂದು ಚೂರು ಅಗಲವಿದ್ದರೆ ಅಡ್ಡಿಯಿಲ್ಲ, ಹಿಂದೆ ಬರುವ ಹೊಗೆಗೆ ಆ ಮೆಟ್ಟಿಲು ತಡೆಯಾಗುತ್ತದೆ.

ಹೆಡ್ಡರ್ ಹಾಕಿದ ಗಾಡಿ ಹೇಗೆ ಎಳೆಯುತ್ತದೆ ನೋಡಲು ಚಿತ್ರದುರ್ಗದ ಕಡೆ ಹೊರಟೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ದುರ್ಗ 730. ಆನಗೋಡು ದಾಟಿ ಭರಮಸಾಗರದ ಕಡೆ ಹೋಗುವಾಗ ಕಣ್ಣಿಗೆ ಘಾಟಿ ಕಾಣದಿದ್ದರೂ ಎಂಜಿನ್‌ಗೆ ಏರು ಗೊತ್ತಾಗುತ್ತದೆ. ಲಾರಿ ಹಿಂದೆ 50ಕ್ಕೆ ಇಳಿದು, ಟಾಪ್ ಗೇರಿನಲ್ಲೇ ಮತ್ತೆ ಕಾಲು ಒತ್ತಿದರೆ ಮೊದಲು ಗೊಣಗುತ್ತಿದ್ದ ಗಾಡಿ ಈಗ ಗೇರ್ ಕೇಳದೆ ಎಳೆದುಕೊಂಡು ಹೋಗುತ್ತದೆ. ನನಗೆ ಬೇಕಾಗಿದ್ದದ್ದು ಇದೇ. ಸದ್ದೂ ಮೊದಲಿಗಿಂತ ಗಟ್ಟಿ, ಆದರೆ ಸೈಲೆನ್ಸರ್ ಪೂರ್ತಿ ಇಟ್ಟಿದ್ದೇನೆ. ಸೈಲೆನ್ಸರ್ ಕಿತ್ತು ಊರೆಲ್ಲ ಅದುರಿಸುವುದಕ್ಕೂ ಟ್ಯೂನಿಂಗಿಗೂ ಸಂಬಂಧವಿಲ್ಲ. ಓಣಿಯಲ್ಲಿ ಮಕ್ಕಳು, ವಯಸ್ಸಾದವರು ಮಲಗಿರುತ್ತಾರೆ.

ಪದ್ಮಿನಿ ಇಟ್ಟುಕೊಂಡವರು ನನ್ನ ಸೈಜನ್ನೇ ನಕಲು ಮಾಡಬೇಡಿ. ಅದರದು 1089 ಸಿಸಿ, ಸಿಲಿಂಡರಿಗೆ 272. 4500ಕ್ಕೆ 26 ಮಿ.ಮೀ. ಸಾಕು, 16 ಗೇಜಿನ 1¼ ಇಂಚೇ ಧಾರಾಳ. ಇಸುಜು ಪೆಟ್ರೋಲ್ ಎಂಜಿನ್ನಿನ ಕಾಂಟೆಸ್ಸಾ 1817 ಸಿಸಿ, ಅದಕ್ಕೆ 34 ಬರುತ್ತದೆ, 1½ ಸರಿ.

ಹೆಡ್ಡರ್ ಕೂರಿಸಿದ ಮೇಲೆ ಮಿಶ್ರಣ ತೆಳುವಾಗುತ್ತದೆ, ಪ್ಲಗ್ ಬಿಚ್ಚಿ ನೋಡಿ. ನನ್ನವು ಬೆಳ್ಳಗೆ ಬಂದಿದ್ದವು. ಎಸ್‌ಯುನಲ್ಲಿ ಜೆಟ್ ಕೆಳಗಿಳಿಸಿದರೆ ಪೆಟ್ರೋಲ್ ಹೆಚ್ಚುತ್ತದೆ. ಅದರಿಂದ ಐಡಲ್ ಸರಿಹೋಯಿತು, ಮೇಲಿನ ಸುತ್ತಿಗೆ ಸೂಜಿಯನ್ನೇ ಬದಲಿಸಿದೆ. ಕಾರ್ಬರೇಟರ್‌ಗಳು ಹೆಡ್ಡರಿನ ನೆತ್ತಿಯ ಮೇಲೇ ಕೂತಿರುವುದರಿಂದ ನಡುವೆ ಅಲ್ಯೂಮಿನಿಯಂ ತಗಡು ಕಟ್ಟಿಸಲೇಬೇಕು. ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಅದರ ಬೆಲೆ ತಿಳಿಯುತ್ತದೆ. ಪೈಪಿಗೆ ಶಾಖ ತಡೆಯುವ ಬಟ್ಟೆಪಟ್ಟಿ ಸುತ್ತಿಸುವುದು ನನಗೆ ಒಪ್ಪಿಗೆಯಿಲ್ಲ, ಮಳೆಗಾಲದಲ್ಲಿ ತೇವ ಹಿಡಿದು ಒಳಗಿಂದೊಳಗೆ ತುಕ್ಕು ತಿನ್ನುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಪಟಪಟ ಹೊಡೆದರೆ ಮೊದಲು ಫ್ಲ್ಯಾಂಜಿನ ಪ್ಯಾಕಿಂಗ್ ನೋಡಿ, ಅಲ್ಲಿ ಗಾಳಿ ಎಳೆಯುತ್ತಿರುತ್ತದೆ. ಮೊದಲ ಸಲ ಚೆನ್ನಾಗಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಂದು ಸುತ್ತು ಬಿಗಿಮಾಡಿ, ನಡುವಿನಿಂದ ಶುರುಮಾಡಿ ಎರಡೂ ತುದಿಗೆ.