ಎರಡನೇ ಓದು: ಪತ್ತೇದಾರಿ, ದೆವ್ವ, ದೇವರು

ಪಂಢರಪುರಕ್ಕೆ ಹೋಗುವ ಆಷಾಢದ ಪಾಲಖಿ ಪುಣೆ ದಾಟಿ ಹೋದಾಗಿನಿಂದ ಹೊಸ ಪುಸ್ತಕ ಕೊಂಡಿಲ್ಲ. ಒಮ್ಮೆ ಓದಿಟ್ಟಿದ್ದನ್ನೇ ಮತ್ತೆ ಓದುತ್ತಿದ್ದೇನೆ. ಪತ್ತೇದಾರಿ, ದೆವ್ವದ ಕಥೆ, ಭಕ್ತಿ, ಈ ಮೂರೇ. ಕೊನೆಗೆ ಏನಾಗುತ್ತೆ ಅಂತ ಗೊತ್ತಿದ್ದರೂ ಪುಸ್ತಕ ಕೈಬಿಡದ ಹಾಗೆ ಓದಿಸಿಕೊಳ್ಳುತ್ತದಾ ಅಂತ ನೋಡಬೇಕಿತ್ತು.

ಮೊದಲು ಮುಗಿದದ್ದು ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್', 1926ರದ್ದು. ಅಪ್ಪಾ ಬಳವಂತ ಚೌಕದಲ್ಲಿ ಸಿಕ್ಕ ಹಳೇ ಪ್ರತಿ. ಕೊಲೆಗಾರ ಯಾರು ಅಂತ ಇಲ್ಲಿ ಹೇಳಲ್ಲ, ಓದದವರಿಗೆ ಅನ್ಯಾಯ. ಈ ಸಲ ನನ್ನ ಕಣ್ಣೆಲ್ಲ ಕಥೆ ಹೇಳುವ ಡಾಕ್ಟರ ಅಕ್ಕ ಕ್ಯಾರೊಲಿನ್ ಮೇಲೆ. ಮನೆ ಬಿಟ್ಟು ಕದಲದೆ, ಕೆಲಸದವರು, ಹಾಲಿನವನು ತಂದ ಸುದ್ದಿಯಿಂದಲೇ ಊರಿನ ಗುಟ್ಟೆಲ್ಲ ಹಿಡಿಯುತ್ತಾಳೆ. ಮುಂದೆ ಅವರ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಹುಟ್ಟಿದ್ದಕ್ಕೆ ಇವಳೂ ಒಂದು ಕಾರಣ ಅಂತ ಕ್ರಿಸ್ಟಿಯೇ ಬರೆದುಕೊಂಡಿದ್ದಾರೆ. ಸುಳಿವುಗಳೆಲ್ಲ ಕಣ್ಣೆದುರೇ ಇದ್ದವು, ಎಲ್ಲೂ ಮೋಸವಿಲ್ಲ. ಮೊದಲ ಓದಿಗಿಂತ ಇದೇ ಜಾಸ್ತಿ ಖುಷಿ ಕೊಟ್ಟಿತು.

ಆಮೇಲೆ 'ಡ್ರಾಕುಲಾ', 1897. ಮೊದಲ ನಾಲ್ಕು ಅಧ್ಯಾಯ ಪೂರ್ತಿ ಜೊನಾಥನ್ ಹಾರ್ಕರನ ಡೈರಿ. ದಾರಿಯಲ್ಲಿ ತಿಂದ ಕೋಳಿ ಅಡುಗೆ ರುಚಿಯಾಗಿತ್ತು, ಮೀನಾಗೋಸ್ಕರ ಮಾಡುವ ವಿಧಾನ ಕೇಳಿಕೊಳ್ಳಬೇಕು ಅಂತ ಶುರುವಿನಲ್ಲೇ ಬರೆದುಕೊಳ್ಳುತ್ತಾನೆ. ಸ್ವಲ್ಪ ಮುಂದೆ ಕೋಟೆಯಲ್ಲಿ ಗಡ್ಡ ಹೆರೆದುಕೊಳ್ಳುವಾಗ ಕೌಂಟ್ ಡ್ರಾಕುಲಾ ಬೆನ್ನ ಹಿಂದೆಯೇ ನಿಂತಿರುತ್ತಾನೆ, ಕನ್ನಡಿಯಲ್ಲಿ ಮಾತ್ರ ಇಲ್ಲ. ಮೊದಲ ಸಲ ಹೆದರಿಸಿದ್ದು ಆ ಕನ್ನಡಿ. ಈ ಸಲ ಹೊಟ್ಟೆಯಲ್ಲಿ ಸಂಕಟವಾಗಿದ್ದು ಆ ಕೋಳಿ ಅಡುಗೆಯ ಸಾಲು ಓದಿ. ಹೆಂಡತಿಯಾಗುವವಳಿಗೆ ಹೊಸ ಅಡುಗೆ ಒಯ್ಯಬೇಕು ಅಂದುಕೊಂಡು ಹೊರಟವನು ಅಲ್ವಾ, ಅವನಿಗೆ ಏನೇನೂ ಗೊತ್ತಿಲ್ಲ, ನಮಗೆ ಎಲ್ಲ ಗೊತ್ತು.

ಮರಾಠಿಯ ನಾರಾಯಣ ಧಾರಪರ ಸಮರ್ಥನ ಕಥೆಗಳು ಮಾತ್ರ ಈ ಸಲ ಅಷ್ಟು ಹಿಡಿಸಲಿಲ್ಲ. ದುಷ್ಟ ಶಕ್ತಿಯನ್ನು ಆಧ್ಯಾತ್ಮದ ಬಲದಿಂದ ಎದುರಿಸುವ ಸಮರ್ಥ ಬಂದೇ ಬರುತ್ತಾನೆ ಅಂತ ಗೊತ್ತಿದ್ದ ಮೇಲೆ ಭಯ ಎಲ್ಲಿಂದ ಬರಬೇಕು? ಆದರೆ ಅವನು ಬರುವ ಮುಂಚಿನ ಪುಟಗಳು ಈಗಲೂ ಗಟ್ಟಿ.

ಈಗ ನಡೆಯುತ್ತಿರುವುದು ಜಗನ್ನಾಥದಾಸರ 'ಹರಿಕಥಾಮೃತಸಾರ'. ಪಕ್ಕದ ಮನೆಯ ಧಾರವಾಡದ ಕಾಕೂ ಕೊಟ್ಟ ಪ್ರತಿ, ಅಂಚೆಲ್ಲ ಅರಿಶಿನದ ಬೆರಳಿನ ಗುರುತು. ಭಾಮಿನಿ ಷಟ್ಪದಿ, ಪ್ರತಿ ಸಂಧಿಯೂ 'ಹರಿಕಥಾಮೃತಸಾರ ಗುರುಗಳ ಕರುಣದಿಂದಾಪನಿತು ಪೇಳುವೆ' ಅಂತಲೇ ಶುರು. ಒಂದೇ ಸಲ ಓದಿ ಮುಗಿಸೋದಕ್ಕೆ ಬರೆದ ಪುಸ್ತಕವೇ ಅಲ್ಲ ಇದು. ಸುಮ್ನೆ ಕಣ್ಣಾಡಿಸಿದರೆ ಏನೂ ಸಿಗಲ್ಲ. ಅರ್ಥ ತಿಳಿಯದಿದ್ದಾಗ ಕಾಕೂ ಹತ್ತಿರ ಹೋಗುತ್ತೇನೆ. ಅವರು ವಿವರಿಸುವ ಮೊದಲು ಇಡೀ ಪದ್ಯವನ್ನು ರಾಗವಾಗಿ ಹೇಳುತ್ತಾರೆ, ಅರ್ಧ ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ. ಭೋಜನದ ಸಂಧಿಯಲ್ಲಿ ನಿಂತಿದ್ದೇನೆ. ಅನ್ನ, ತುಪ್ಪ, ಹಾಲು, ಒಂದೊಂದರಲ್ಲೂ ದೇವರ ಒಂದೊಂದು ರೂಪ ಹೇಳುತ್ತಾ ಹೋಗುತ್ತಾರೆ ದಾಸರು. ಕಾಕೂ ಇದನ್ನು ಓದದೆ ಊಟಕ್ಕೆ ಕೂರಲ್ಲ. "ಗೊತ್ತಿದ್ದದ್ದನ್ನ ಮತ್ತ ಓದೂದಕ್ಕ ಪಾರಾಯಣ ಅಂತಾರವ್ವಾ" ಅಂದರು.

ಮುಂದೆ ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ಓದುವ ಆಸೆ, ಚಿಕ್ಕವಳಿದ್ದಾಗ ಓದಿದ್ದು. ಇಲ್ಲಿ ಸಿಗುತ್ತಿಲ್ಲ. ಹುಬ್ಬಳ್ಳಿಯ ಅಣ್ಣನಿಗೆ ಹುಡುಕಲು ಹೇಳಿದ್ದೇನೆ. ಪುಣೆಯಲ್ಲಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ, ಬಂದು ತಗೊಂಡು ಹೋಗಿ ಜೋಪಾನವಾಗಿ ವಾಪಸ್ ಕೊಡುತ್ತೇನೆ.